ನೀರಿನ ಯೋಜನೆಗಳಲ್ಲಿ ಎಲೆಕ್ಟ್ರಿಕಲ್ ಡಿಸೈನ್: ಮೊದಲು ಏನು ಕಲಿಯಬೇಕು?

ಕೇಳಿದ್ದು: ಕಲಬುರಗಿಯಲ್ಲಿ ಇಇಇ (ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್) ಮುಗಿಸಿದ್ದೇನೆ. ಇಲ್ಲೇ ಒಂದು ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಕುಡಿಯುವ ನೀರಿನ ಯೋಜನೆಗಳ ಡಿಸೈನ್. ಸುತ್ತ ಎಲ್ಲರೂ ಸಿವಿಲ್‌ನವರೇ. ಮೋಟರ್ ಬಗ್ಗೆ ಓದಿದ್ದೇನೆ, ಪಂಪ್‌ಹೌಸ್ ಒಳಗೆ ಕಾಲಿಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ? ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಸೇರು ಅಂತ ಮನೆಯಲ್ಲಿ ಬೇರೆ ಹೇಳುತ್ತಿದ್ದಾರೆ.

ಡಿಸೈನ್ ಮಾಡುವವರು, ಕಲಬುರಗಿ: ತಂಗಿ, ಮೊದಲು ಪಂಪ್ ಕಲಿ, ಆಮೇಲೆ ಪ್ಯಾನಲ್. ಸಿವಿಲ್‌ನವರು "90 ಕಿಲೋವ್ಯಾಟ್ ಮೋಟರ್ ಹಾಕಿ" ಅಂದರೆ ಸುಮ್ನೆ ಬರೆದುಕೊಳ್ಳಬೇಡ. ನೀನೇ ಲೆಕ್ಕ ಮಾಡು. ಸೆಕೆಂಡಿಗೆ 100 ಲೀಟರ್ ನೀರನ್ನು 60 ಮೀಟರ್ ಹೆಡ್‌ನಲ್ಲಿ (ಎತ್ತರ, ಪೈಪಿನ ಘರ್ಷಣೆ ಎರಡೂ ಸೇರಿದ ಲೆಕ್ಕ) ಎತ್ತಲು ನೀರಿಗೆ ಬೇಕಾದ ಶಕ್ತಿ ಸುಮಾರು 59 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ 75 ಅಂದರೆ ಶಾಫ್ಟ್‌ಗೆ 78 ಚಿಲ್ಲರೆ ಬೇಕು. ಸ್ವಲ್ಪ ಅಂಚು ಬಿಟ್ಟರೆ ಆಗ 90 ಬರುತ್ತದೆ.

ಆಮೇಲೆ ಕೇಳಬೇಕಾದ್ದು, ದಿನಕ್ಕೆ ಎಷ್ಟು ತಾಸು ಕರೆಂಟ್ ಅಂತ. 20 ತಾಸಿನಲ್ಲಿ ಎತ್ತುವ ನೀರನ್ನು 10 ತಾಸಿನಲ್ಲಿ ಎತ್ತಬೇಕಾದರೆ ಹರಿವು ಎರಡು ಪಟ್ಟು. ಪೈಪ್ ಅದೇ ಇದ್ದರೆ ಘರ್ಷಣೆಯ ನಷ್ಟ ಹತ್ತಿರ ಹತ್ತಿರ ನಾಲ್ಕು ಪಟ್ಟು. ಮೋಟರ್, ಕೇಬಲ್, ಟ್ರಾನ್ಸ್‌ಫಾರ್ಮರ್ ಎಲ್ಲವೂ ಬದಲಾಗುತ್ತವೆ. ಈ ಪ್ರಶ್ನೆ ಕೇಳಬೇಕಾದವಳು ನೀನೇ, ಸಿವಿಲ್‌ನವರು ಕೇಳುವುದಿಲ್ಲ.

ವಿಎಫ್‌ಡಿ, ಅಂದರೆ ಮೋಟರ್ ವೇಗ ಬದಲಿಸುವ ಡ್ರೈವ್, ಈಗ ಫ್ಯಾಷನ್ ಆಗಿದೆ. ವೇಗ ಶೇ 80ಕ್ಕೆ ಇಳಿಸಿದರೆ ವಿದ್ಯುತ್ ಅರ್ಧ ಆಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಹೆಡ್ ಕೂಡ ಶೇ 64ಕ್ಕೆ ಇಳಿಯುತ್ತದಲ್ವಾ? ನದಿಯಿಂದ ದಿಬ್ಬದ ಮೇಲಿನ ಟ್ಯಾಂಕಿಗೆ ಎತ್ತುವಲ್ಲಿ ಎತ್ತರವೇ ಜಾಸ್ತಿ. ಅಲ್ಲಿ ವೇಗ ಇಳಿಸಿದರೆ ನೀರು ಟ್ಯಾಂಕ್ ಮುಟ್ಟುವುದೇ ಇಲ್ಲ.

ಪೈಪ್ ಜಾಲದ ಹರಿವು, ಒತ್ತಡ ಲೆಕ್ಕ ಹಾಕುವ ಸಾಫ್ಟ್‌ವೇರ್ ಇಪಾನೆಟ್ ಪುಕ್ಕಟೆ ಸಿಗುತ್ತದೆ, ಇವತ್ತೇ ಹಾಕಿಕೊ.

ಸೈಟ್‌ನವನು, ಶಹಾಬಾದ್: ನಮ್ಮ ನೆಲ ನೋಡದೆ ಅರ್ಥಿಂಗ್ ಡ್ರಾಯಿಂಗ್ ಮಾಡಬೇಡಿ ಮೇಡಂ. ಬೇರೆ ಊರಿನ ಡ್ರಾಯಿಂಗ್ ಕಾಪಿ ಮಾಡಿ ಕಳಿಸುತ್ತಾರೆ, ಇಲ್ಲಿ ಮೂರಡಿ ತೋಡಿದರೆ ಹಾಸುಗಲ್ಲು. ಎರಿ ಭೂಮಿಯಲ್ಲಿ ಮಳೆಗಾಲದಲ್ಲಿ ಅರ್ಥಿಂಗ್ ರೀಡಿಂಗ್ ಚೆನ್ನಾಗಿ ಬರುತ್ತದೆ. ಬೇಸಿಗೆಗೆ ನೆಲ ಬಿರುಕು ಬಿಡುತ್ತದೆ, ಎಲೆಕ್ಟ್ರೋಡ್ ಪಕ್ಕದ ಮಣ್ಣು ಹಿಡಿತ ಬಿಡುತ್ತದೆ. ಬೀದರ್ ಕಡೆ ಜಂಬಿಟ್ಟಿಗೆ, ಅದರ ಲೆಕ್ಕವೇ ಬೇರೆ. ರೆಸಿಸ್ಟಿವಿಟಿ (ಕರೆಂಟಿಗೆ ಮಣ್ಣು ಒಡ್ಡುವ ತಡೆ) ಅಳೆಯುವುದಾದರೆ ಏಪ್ರಿಲ್, ಮೇನಲ್ಲಿ ಅಳೆಯಿರಿ.

ಇನ್ನೊಂದು. ಸಾಮಾನ್ಯ ಮೋಟರ್ ಲೆಕ್ಕ 40 ಡಿಗ್ರಿ ಸುತ್ತಲಿನ ಬಿಸಿಗೆ. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ ಅದಕ್ಕಿಂತ ಜಾಸ್ತಿ, ಶೀಟಿನ ಪಂಪ್‌ಹೌಸ್ ಒಳಗೆ ಕೇಳುವುದೇ ಬೇಡ. ಡ್ರೈವ್ ಪ್ಯಾನಲ್ ಇಟ್ಟರೆ ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಅಂತ ಡ್ರಾಯಿಂಗ್‌ನಲ್ಲೇ ತೋರಿಸಿ.

ನಿರ್ವಹಣೆಯವರು, ಯಾದಗಿರಿ: 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ನೆನಪಿದೆಯಲ್ಲ? ನದಿ ದಂಡೆಯ ಜಾಕ್‌ವೆಲ್ (ನದಿ ನೀರು ತುಂಬಿಸಿ ಪಂಪ್ ಮಾಡುವ ಬಾವಿ) ಡಿಸೈನ್ ಮಾಡುವಾಗ ಗರಿಷ್ಠ ಪ್ರವಾಹ ಮಟ್ಟವನ್ನು ಬರೆದು ಕೊಡಿ ಅಂತ ಕೇಳಿ. ಪ್ಯಾನಲ್, ಟ್ರಾನ್ಸ್‌ಫಾರ್ಮರ್, ಕೇಬಲ್ ಜಾಯಿಂಟ್ ಎಲ್ಲ ಅದಕ್ಕಿಂತ ಮೇಲಿರಲಿ. ಮೋಟರ್ ಮೇಲಿಟ್ಟು ಕೇಬಲ್ ಟ್ರೆಂಚ್ ಕೆಳಗೆ ಬಿಟ್ಟರೆ ನೀರು ಅದರಲ್ಲೇ ನುಗ್ಗುತ್ತದೆ.

ಪಂಪ್ ಆಪರೇಟರ್ ಜೊತೆ ಒಂದು ರಾತ್ರಿ ಕಳೆಯಿರಿ. ಲೈನಿನ ಕೊನೆಯಲ್ಲಿರುವ ಹಳ್ಳಿಯಲ್ಲಿ, ಹೊಲದ ಮೋಟರ್‌ಗಳೆಲ್ಲ ಓಡುವಾಗ ವೋಲ್ಟ್‌ಮೀಟರ್ ಎಷ್ಟಕ್ಕೆ ಕುಸಿಯುತ್ತದೆ ಅಂತ ಅವನೇ ತೋರಿಸುತ್ತಾನೆ. ಸ್ಟಾರ್ ಡೆಲ್ಟಾ ಸ್ಟಾರ್ಟರ್‌ನಲ್ಲಿ ಸ್ಟಾರ್ಟಿಂಗ್ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಟಾರ್ಕ್ (ತಿರುಗಿಸುವ ಬಲ) ಕೂಡ ಅಷ್ಟೇ. ಅದರ ಮೇಲೆ ವೋಲ್ಟೇಜ್ ಕಡಿಮೆ ಆದರೆ ಮೋಟರ್ ಗುಂಯ್ ಅಂತ ನಿಂತೇ ಬಿಡುತ್ತದೆ. ಆಪರೇಟರ್ ಆಗ ಏನು ಮಾಡುತ್ತಾನೆ? ಮೋಟರ್ ಸುಡದಂತೆ ಕಾಯುವ ರಿಲೇ ಬೈಪಾಸ್! ಅವನನ್ನು ಬೈದು ಫಲವಿಲ್ಲ, ಊರಿಗೆ ನೀರು ಬಿಡದಿದ್ದರೆ ಜನ ಬೈಯುವುದು ಅವನನ್ನೇ.

ಓಡುವ ಪಂಪಿಗೆ ಕರೆಂಟ್ ಹೋದಾಗ ವಾಲ್ವ್ ಢಂ ಅನ್ನುವ ಸದ್ದೂ ಅಲ್ಲೇ ಕೇಳುತ್ತದೆ. ಪೈಪ್ ಒಡೆಯುವುದು ಆ ಹೊಡೆತಕ್ಕೆ. ಈ ಹೊಡೆತ, ಅಂದರೆ ಸರ್ಜ್, ಸಿವಿಲ್‌ನವರ ವಿಷಯ ಅಂತ ಬಿಡಬೇಡಿ.

ಬೀದರ್‌ನಿಂದ, ಸರ್ಕಾರಿ ಜೆಇ (ಜೂನಿಯರ್ ಎಂಜಿನಿಯರ್): ಮನೆಯವರ ಮಾತಿಗೆ: ಶುರುವಿನಲ್ಲಿ ಸಾಫ್ಟ್‌ವೇರ್‌ನಷ್ಟು ಸಂಬಳ ಇಲ್ಲಿ ಬರುವುದಿಲ್ಲ, ಅದು ನಿಜ. ಆದರೆ 371-ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಿ, ಜೆಇ ಹುದ್ದೆ ಕರೆದಾಗ ಸ್ಥಳೀಯ ವೃಂದದಲ್ಲಿ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಎಚ್‌ಟಿ (ಹೈ ಟೆನ್ಷನ್) ಡ್ರಾಯಿಂಗ್ ಒಪ್ಪಿಗೆಗೆ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ಆಫೀಸಿಗೆ ಯಾರು ಹೋಗುತ್ತಾರೋ ಅವರ ಜೊತೆ ಹೋಗಿ. ಅಲ್ಲಿ ತಿದ್ದಿ ವಾಪಸ್ ಬಂದ ಡ್ರಾಯಿಂಗ್‌ಗಳ ಜೆರಾಕ್ಸ್ ಇಟ್ಟುಕೊಳ್ಳಿ.