ತುಮಕೂರು ಪೇಟೆ ಸುತ್ತೋಕೆ ಎಲ್ಲಿಂದ ಶುರು ಮಾಡ್ಲಿ ಅಂದವರಿಗೆ

ಕೇಳಿದ್ದು ಇದು: "ವರ್ಗವಾಗಿ ತುಮಕೂರಿಗೆ ಬಂದಿದ್ದೇವೆ, ಮನೆ ಎಸ್.ಎಸ್. ಪುರಂನಲ್ಲಿ. ಇಲ್ಲಿವರೆಗೆ ಎಲ್ಲಾ ಮೊಬೈಲ್‌ನಲ್ಲೇ ತರಿಸಿಕೊಳ್ಳುತ್ತಿದ್ದೆ. ಅತ್ತೆ ಜೊತೆ ಹೋಗಿ ಸಣ್ಣ ಸಣ್ಣ ಅಂಗಡಿ ನೋಡ್ಕೊಂಡು ಬರಬೇಕು ಅಂತ ಆಸೆ. ನಾದಿನಿಗೆ ಹೆರಿಗೆ ಹತ್ತಿರ ಇದೆ, ಆ ಸಾಮಾನೂ ಬೇಕು. ಎಲ್ಲಿಂದ ಶುರು ಮಾಡಲಿ? ಚೌಕಾಸಿ ನಡೆಯುತ್ತಾ? ಏನೂ ತಗೊಳ್ಳದೆ ಬಂದರೆ ಬೈಯ್ಯಲ್ವಾ?"

ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಹೇಳ್ತೀನಿ. ಬೈಯ್ಯಲ್ಲ. ಆದರೆ ಬೋಣಿ ಆಗುವ ಮುಂಚೆ ಹೋಗಿ ಹತ್ತು ಸೀರೆ ಬಿಚ್ಚಿಸಿ ಬರಿಗೈಲಿ ಎದ್ದು ಬಂದರೆ ಅವರಿಗೆ ಬೇಜಾರಾಗುತ್ತೆ. ಅದಕ್ಕೆ ಹನ್ನೊಂದು ಗಂಟೆ ಮೇಲೆ ಹೋಗಿ. ಅಷ್ಟೊತ್ತಿಗೆ ಗಲ್ಲಾಪೆಟ್ಟಿಗೆಗೆ ನಾಲ್ಕು ಕಾಸು ಬಿದ್ದಿರುತ್ತೆ, ಮಾತಾಡೋಕೂ ಪುರುಸೊತ್ತು ಇರುತ್ತೆ. ಸಂಜೆ ಎಂ.ಜಿ. ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ ಹಬ್ಬದ ಹಿಂದಿನ ವಾರವಂತೂ ಬೇಡವೇ ಬೇಡ, ಅತ್ತೆಯವರಿಗೆ ಸುಸ್ತಾಗುತ್ತೆ.

ಗಾಡಿ ಮನೆಯಲ್ಲೇ ಬಿಡಿ, ಆಟೋದಲ್ಲಿ ಹೋಗಿ. ಎಂ.ಜಿ. ರಸ್ತೆ, ಮಂಡಿಪೇಟೆ, ಚಿಕ್ಕಪೇಟೆ ಎಲ್ಲಾ ನಡೆದೇ ನೋಡುವಂಥವು. ಎಲ್ಲರೂ ಎಂ.ಜಿ. ರಸ್ತೆಯ ದೊಡ್ಡ ಬೋರ್ಡು ನೋಡಿ ವಾಪಸ್ ಬರ್ತಾರೆ. ನಾನು ಹೇಳೋದು, ಒಂದೇ ಥರದ ಸಾಮಾನು ಮಾರುವ ಅಂಗಡಿ ಹುಡುಕಿ ಒಳಗೆ ಹೋಗಿ. ಬರೀ ಪಾತ್ರೆ, ಬರೀ ಹಗ್ಗ-ಚಾಪೆ, ಬರೀ ಗ್ರಂದಿಗೆ, ಅಂದರೆ ಗಿಡಮೂಲಿಕೆ, ಪೂಜೆ ಸಾಮಾನು. ಅದೇ ಸಾಮಾನಿನ ಮಧ್ಯೆ ವಯಸ್ಸು ಕಳೆದವರು ಗಲ್ಲಾಪೆಟ್ಟಿಗೆ ಹಿಂದೆ ಕೂತಿರ್ತಾರೆ. ಅವರನ್ನು ಒಂದು ಪ್ರಶ್ನೆ ಕೇಳಿ ನೋಡಿ. ಮೊಬೈಲ್‌ನಲ್ಲಿ ಆ ಉತ್ತರ ಸಿಗಲ್ಲ.

ಹೆರಿಗೆ ಸಾಮಾನಿಗೆ ಗ್ರಂದಿಗೆ ಅಂಗಡಿಯೇ ಸರಿ. "ಬಾಣಂತಿಗೆ" ಅಂದರೆ ಸಾಕು, ಚೀಟಿ ಬರೆದುಕೊಂಡು ಹೋಗೋದೂ ಬೇಡ. ನಮ್ಮ ಅಕ್ಕನ ಬಾಣಂತನಕ್ಕೆ ನಾನೇ ಹೋಗಿ ತಂದಿದ್ದು. ಅಂಗಡಿಯವರು ಮೊದಲು ಕೇಳಿದ್ದು, "ಮಾಮೂಲಿ ಹೆರಿಗೆನಾ, ಆಪರೇಷನ್ನಾ?" ಆಮೇಲೆ ಒಂದೊಂದೇ ಡಬ್ಬ ಇಳಿಸಿದರು. ಒಣಶುಂಠಿ, ಹಿಪ್ಪಲಿ, ಮೆಣಸು, ಓಮ, ಅಂಟು, ಗಸಗಸೆ. ಒಂದೊಂದಕ್ಕೂ ಬೇರೆ ಪೇಪರ್ ಪೊಟ್ಟಣ, ಮೇಲೆ ಪೆನ್ನಲ್ಲಿ ಹೆಸರು. ಹಿಪ್ಪಲಿ ಜಾಸ್ತಿ ಹಾಕಿದರೆ ಉಷ್ಣ ಆಗುತ್ತೆ ಅಂತ ಕೈ ಅಡ್ಡ ಹಿಡಿದು ಅರ್ಧಕ್ಕೆ ಇಳಿಸಿದರು. ಮಾರುವವರೇ ಕಮ್ಮಿ ತಗೊಳ್ಳಿ ಅನ್ನೋದು ಇಂಥ ಕಡೆ ಮಾತ್ರ. ಆದರೂ ಒಂದು ಮಾತು: ಮಗುವಿಗೆ ತೇಯ್ದು ನೆಕ್ಕಿಸೋಕೆ ಅಂತ ಬಜೆ, ಜಾಯಿಕಾಯಿನೂ ಕೊಡ್ತಾರೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ಮಕ್ಕಳ ಡಾಕ್ಟರು ಹೇಳ್ತಾರೆ, ಅದನ್ನೇ ಕೇಳಿ. ಬಾಣಂತಿಗೆ ಲೇಹ ಮಾಡೋಕೆ ತರುವ ಈ ಸಾಮಾನನ್ನೂ ಡಾಕ್ಟರಿಗೆ ಒಂದು ಸಲ ಹೇಳಿಬಿಡಿ.

ಮಗುವಿಗೆ ಬೆಳ್ಳಿ ಉಡಿದಾರ, ಕಡಗ, ಸಣ್ಣ ಚಿನ್ನದ ಉಂಗುರ ನೋಡ್ತೀರಿ ಅಲ್ವಾ? ಚಿನ್ನಕ್ಕೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಕಡ್ಡಾಯ ಆಗಿದ್ದು 2021ರ ಜೂನ್‌ನಿಂದ, ಹಂತ ಹಂತವಾಗಿ. ಒಡವೆ ಮೇಲೆ ಆರು ಅಕ್ಷರ-ಅಂಕಿಯ ಒಂದು ನಂಬರ್ ಇರುತ್ತೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತೆ. ಆದರೆ 2 ಗ್ರಾಂಗಿಂತ ಕಮ್ಮಿ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಮಗುವಿನ ಉಂಗುರ ಇದರಲ್ಲೇ ಬರುತ್ತೆ. ಹಾಗಾಗಿ ಬಿಲ್‌ನಲ್ಲಿ ಎಷ್ಟು ಕ್ಯಾರೆಟ್, ಎಷ್ಟು ತೂಕ ಅಂತ ಬರೆಸಿಕೊಳ್ಳಿ.

ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ, ತಾಮ್ರ ತೂಕದ ಲೆಕ್ಕ. ಮನೆಯಲ್ಲಿ ತೂತು ಬಿದ್ದ ಹಳೆ ಬಿಂದಿಗೆ ಇದ್ದರೆ ಹಿಡಿದುಕೊಂಡು ಹೋಗಿ, ತೂಕ ಹಾಕಿ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ತಕ್ಕಡಿ ಸೊನ್ನೆ ತೋರಿಸಿದ ಮೇಲೆ ಪಾತ್ರೆ ಇಡೋಕೆ ಹೇಳಿ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಸಾರು ಮಾಡೋದಾದರೆ ಒಳಗೆ ಕಲಾಯಿ (ತವರದ ಲೇಪ) ಹಾಕಿಸಿಯೇ ತನ್ನಿ.

ಮಂಡಿಪೇಟೆ ಕಡೆ ಹೋದಾಗ ಹುಣಸೆಹಣ್ಣು ಬಿಡಬೇಡಿ. ನಮ್ಮ ಜಿಲ್ಲೆಯ ಹುಣಸೆಗೆ ಒಳ್ಳೆ ಹೆಸರಿದೆ. ಫೆಬ್ರವರಿಯಿಂದ ಏಪ್ರಿಲ್ ಹೊತ್ತಿಗೆ ಹೊಸ ಹಣ್ಣು ಬರುತ್ತೆ. ಹೊಸದು ಕೆಂಪುಕಂದು, ಹಳೆಯದಾದಷ್ಟೂ ಕಪ್ಪಾಗುತ್ತಾ ಹೋಗುತ್ತೆ. ಕಪ್ಪು ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಸಾರಿಗೆ ಹಳೇ ಹುಣಸೆಯೇ ಚೆನ್ನ ಅನ್ನುವವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಎರಡು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಅಂಟಬೇಕು. ನೀರು ನೀರಾಗಿದ್ದರೆ ಬೇಡ, ತೂಕಕ್ಕೆ ದುಡ್ಡು ಹೋಗುತ್ತೆ. ಬೀಜ, ನಾರು ತೆಗೆದದ್ದಕ್ಕೆ ರೇಟು ಜಾಸ್ತಿ. ಕೊಬ್ಬರಿ ತಗೊಳ್ಳುವಾಗ ತಿಪಟೂರಿನ ಉಂಡೆ ಕೊಬ್ಬರಿ ಅಂತಲೇ ಕೇಳಿ, ಲೇಹಕ್ಕೂ ಆಗುತ್ತೆ.

ರೇಷ್ಮೆ ಸೀರೆ ವಿಷಯದಲ್ಲಿ ಮಾತ್ರ ನಿಧಾನ. ನಮ್ಮ ಅತ್ತಿಗೆಗೆ ಒಂದು ಅಂಗಡಿಯಲ್ಲಿ "ಪ್ಯೂರ್" ಅಂತ ಹೇಳಿ ಕೊಟ್ಟ ಸೀರೆ ಪ್ಯೂರ್ ಆಗಿರಲಿಲ್ಲ. ಸೆರಗಿನ ಎಳೆ ಸುಟ್ಟು ನೋಡಿದರೆ ಗಟ್ಟಿ ಗುಂಡಗಾಯಿತು. ರೇಷ್ಮೆ ಎಳೆ ಹಾಗಾಗಲ್ಲ. ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಂಗಡಿಯಲ್ಲಿ ಸುಡೋಕೆ ಆಗಲ್ವಲ್ಲ, ಅದಕ್ಕೆ ಅಸಲಿ ರೇಷ್ಮೆ ಅಂತ ತೋರಿಸುವ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ಕೇಳಿ, ಬಿಲ್‌ನಲ್ಲೂ ರೇಷ್ಮೆ ಅಂತ ಬರೆಸಿ.

ಚೌಕಾಸಿ ವಿಷಯ. ಪ್ಯಾಕೆಟ್ ಸಾಮಾನಿಗೆ ಎಂಆರ್‌ಪಿ ಅಂದರೆ ಟ್ಯಾಕ್ಸ್ ಎಲ್ಲಾ ಸೇರಿದ ಬೆಲೆ, ಅದರ ಮೇಲೆ ಒಂದು ರೂಪಾಯಿನೂ ಕೇಳುವ ಹಾಗಿಲ್ಲ. ಬಟ್ಟೆ, ಪಾತ್ರೆಗೆ ಕೇಳಿ, "ಸ್ವಲ್ಪ ನೋಡಿ ಹಾಕಿ" ಅಂದರೆ ಸಾಕು. ರಸ್ತೆ ಬದಿ ಕೂತು ಹೂವು, ಸೊಪ್ಪು ಮಾರುವ ಅಜ್ಜಿಯರ ಹತ್ತಿರ ದಯವಿಟ್ಟು ಬೇಡ. ಹತ್ತು ರೂಪಾಯಿ ನಮಗೆ ಹೆಚ್ಚಲ್ಲ, ಅವರಿಗೆ ಅದೇ ಬಸ್‌ಚಾರ್ಜು.

ತರಕಾರಿ ಜಾಸ್ತಿ ಬೇಕಿದ್ದರೆ ಪೇಟೆಯಲ್ಲಿ ಹುಡುಕಬೇಡಿ, ಅಂತರಸನಹಳ್ಳಿ ಮಾರ್ಕೆಟ್ಟಿಗೆ ಬೆಳಿಗ್ಗೆ ಬೇಗ ಹೋಗಿ. ಅದು ಶಿರಾ ಕಡೆ. ವಾರದ ರಜೆ ಒಂದೊಂದು ಅಂಗಡಿಗೆ ಒಂದೊಂದು ದಿನ, ಹೊರಡುವ ಮುಂಚೆ ಯಾರನ್ನಾದರೂ ಕೇಳಿಕೊಳ್ಳಿ.

ಒಳ್ಳೆ ತೊಟ್ಟಿಲು ಸಿಗುವ ಕಡೆ ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲಿ ಇದ್ದೇ ಇರ್ತೀರಿ. ಮರದ್ದು, ಹಗ್ಗ ಕಟ್ಟಿ ತೂಗುವಂಥದ್ದು. ಗೊತ್ತಿದ್ದವರು ಅಕ್ಕನಿಗೆ ಬರೆದು ತಿಳಿಸಿ, ಹೆರಿಗೆ ದಿನ ಹತ್ತಿರ ಇದೆ.