[ಪದಚರ್ಚೆ] ಕಾಲು ನಿಲ್ಲದ ಕೋಳಿಮರಿಗೆ ಏನು ಪದ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು

ಬ್ರಹ್ಮಾವರದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು.

ನಮ್ಮ ಊರಿನ ಸ್ವಸಹಾಯ ಸಂಘದವರು ಈ ಸಲ ಗಿರಿರಾಜ ತಳಿಯ ಕೋಳಿಮರಿ ತರಿಸಿ ಹಂಚಿಕೊಂಡಿದ್ದೇವೆ. ಮರಿ ಸಾಕುವ ಬಗ್ಗೆ ಇಂಗ್ಲಿಷಿನಲ್ಲಿದ್ದ ಪುಸ್ತಿಕೆಯೊಂದನ್ನು ನಾಲ್ಕು ಪುಟದ ಕನ್ನಡ ಕರಪತ್ರ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾಳೆ ಸಂಜೆ ಉಡುಪಿಯ ಪ್ರೆಸ್ಸಿಗೆ ಕೊಡಬೇಕು. ಎಲ್ಲ ಮುಗಿದಿದೆ, ಒಂದು ತಲೆಬರಹ ಮಾತ್ರ ಕೂರುತ್ತಿಲ್ಲ. ಮೂಲದಲ್ಲಿ 'ಅನ್‌ಸ್ಟೆಡಿ ಚಿಕ್ಸ್' ಎಂದಿದೆ.

ಮರಿ ಏಳಲು ನೋಡುತ್ತದೆ, ಆಗುವುದಿಲ್ಲ, ಪಕ್ಕಕ್ಕೆ ಬೀಳುತ್ತದೆ. ಕುಂಟುವುದಲ್ಲ. 'ಅಸ್ಥಿರ ಮರಿಗಳು' ಎಂದು ಬರೆದು ನಮ್ಮ ಅತ್ತೆಗೆ ಓದಿ ಹೇಳಿದೆ. ಅವರಿಗೆ ಅದು ಮರಿಯ ವಿಷಯ ಅಂತಲೇ ತಿಳಿಯಲಿಲ್ಲ. 'ತೂರಾಡುವ' ಎಂದರೆ ಕುಡಿದವರ ನೆನಪಾಗುತ್ತದೆ. 'ಓಲಾಡುವ' ತೊಟ್ಟಿಲಿಗೆ, ದೋಣಿಗೆ ಸರಿ. ಅದರಲ್ಲಿ ಸುಖ ಇದೆ, ಸಂಕಟ ಇಲ್ಲ. 'ವಾಲುವ' ಎಂದರೆ ಗೋಡೆ, ತೆಂಗಿನಮರ. 'ತೂಕಡಿಸುವ' ಎಂದು ಕಾಯಿಲೆ ಕೋಳಿಗೆ ಹೇಳುತ್ತಾರೆ ನಿಜ, ಆದರೆ ಅದು ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ಕೂತ ಕೋಳಿಗೆ. ನಾನು ಹೇಳುವ ಮರಿಯ ಕಣ್ಣು ಚುರುಕಾಗಿದೆ. ಕಾಲು ಮಾತ್ರ ಮಾತು ಕೇಳುವುದಿಲ್ಲ.

ನನ್ನ ಪಾಲಿನ 20 ಮರಿಗಳಲ್ಲಿ 3 ಹೀಗೇ ಇವೆ. ನಾಲ್ಕು ದಿನದ ಮರಿಗಳು. ಹಾಗಾಗಿ ಪದದ ಜೊತೆ ಬೇರೆ ಏನಾದರೂ ಗೊತ್ತಿದ್ದರೂ ಹೇಳಿ.

ಮಂಗಳೂರು, ಕದ್ರಿಯಿಂದ:

'ಅಸ್ಥಿರ' ಬೇಡ, ಸಂಸ್ಕೃತ. 'ನಿಲವುಗೇಡಿ ಮರಿ' ಎನ್ನಿ. 'ಪ್ರೆಸ್ಸು' ಕೂಡ ಬೇಡ, 'ಅಚ್ಚುಮನೆ' ಇದೆ.

ಕುಂದಾಪುರದಿಂದ:

ಗೇಡಿ ಎಂದರೆ ಬೈಗುಳ ಮಾರಾಯ್ರೆ. ಮಾನಗೇಡಿ, ಲಜ್ಜೆಗೇಡಿ, ಈಗ ನಿಲವುಗೇಡಿ. ಆ ಸಾಲಿನಲ್ಲಿ ನಾಲ್ಕು ದಿನದ ಪಾಪದ ಮರಿಯನ್ನು ಕೂರಿಸಬೇಡಿ.

ಅಕ್ಕಾ, ಪದ ನಿಮ್ಮ ಬಾಯಲ್ಲೇ ಇದೆ. ನಡೆಯುತ್ತಾ ಮೈ ಹಿಡಿತ ತಪ್ಪಿ ಆಚೆ ಈಚೆ ಹೋದರೆ 'ಜೋಲಿ ಹೊಡೆಯಿತು' ಅನ್ನುತ್ತೇವೆ ಅಲ್ವಾ? ತಲೆ ಮೇಲೆ ಹೊರೆ ಹೊತ್ತವರು ಜೋಲಿ ಹೊಡೆಯುತ್ತಾರೆ, ಸೈಕಲ್ ಕಲಿಯುವ ಹುಡುಗ ಜೋಲಿ ಹೊಡೆಯುತ್ತಾನೆ. ಕುಡಿತದ ವಾಸನೆ ಇಲ್ಲ, ಬೈಗುಳ ಇಲ್ಲ. 'ಜೋಲಿ ಹೊಡೆಯುವ ಮರಿ.' ಅಷ್ಟೇ.

ಕದ್ರಿಯಿಂದ:

ಜೋಲಿ ಮರಾಠಿಯ ಝೋಳಿ. ಜೋಳಿಗೆ ಬಂದದ್ದೂ ಅಲ್ಲಿಂದಲೇ. ಒಂದು ಎರವಲು ತೆಗೆದು ಇನ್ನೊಂದು ಎರವಲು ಇಡುವುದಾದರೆ ಈ ಚರ್ಚೆ ಯಾಕೆ?

ಕುಂದಾಪುರದಿಂದ:

ಬಟ್ಟೆಯಲ್ಲಿ ಕಟ್ಟುವ ಜೋಲಿಯ ಬಗ್ಗೆ ನಾನು ಜಗಳ ಮಾಡುವುದಿಲ್ಲ, ಅದು ಆ ಕಡೆಯಿಂದ ಬಂದಿದ್ದರೂ ಇರಬಹುದು. ಆದರೆ ಇಲ್ಲಿ ನನ್ನ ಕಿವಿಗೆ ಕೇಳುವುದು ಜೋಲು ಎನ್ನುವ ಕ್ರಿಯೆ. ಜೋಲುಮೋರೆ, ಜೋಲಾಡು, ಜೋತುಬೀಳು ಎಲ್ಲ ಅದರ ಮಕ್ಕಳು. ಅದರ ಭೂತಕಾಲ ನೋಡಿ. ಸೋಲು, ಸೋತು. ನೂಲು, ನೂತು. ಜೋಲು, ಜೋತು. ಲಕಾರ ಬಿದ್ದು ತಕಾರ ಬರುವ ಈ ದಾರಿ ಹಳೆಯ ಕನ್ನಡ ಧಾತುಗಳದು. ಹೊರಗಿಂದ ಬಂದ ಕ್ರಿಯೆ ನಮ್ಮಲ್ಲಿ 'ಇಸು' ಹಚ್ಚಿಕೊಂಡೇ ಒಳಗೆ ಬರುತ್ತದೆ. ಜೋಲು ಎರವಲಾಗಿದ್ದರೆ 'ಜೋಲಿಸಿ' ಅನ್ನುತ್ತಿದ್ದೆವು, 'ಜೋತು' ಅನ್ನುತ್ತಿರಲಿಲ್ಲ. ಪದದ ಮೊದಲಕ್ಷರ ನೋಡಿ ಊರು ಹೇಳುವುದಲ್ಲ, ಅದು ರೂಪ ಬದಲಿಸುವ ರೀತಿ ನೋಡಬೇಕು.

ಕದ್ರಿಯಿಂದ:

ಜೋಲುವುದು ಎಂದರೆ ಕೆಳಕ್ಕೆ ನೇತಾಡುವುದು. ಮರಿ ನೇತಾಡುತ್ತಿಲ್ಲ.

ಕಾರ್ಕಳದಿಂದ:

ಇಷ್ಟು ಹೊತ್ತು ಎಲ್ಲರೂ ಪದ ನೋಡಿದ್ದೀರಿ, ಮರಿಯ ಕಾಲ ಕೆಳಗೆ ಯಾರೂ ನೋಡಲಿಲ್ಲ. ಅಕ್ಕಾ, ಪೆಟ್ಟಿಗೆಯಲ್ಲಿ ಏನು ಹಾಸಿದ್ದೀರಿ?

ನಾನು ಪಶುವೈದ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಮನೆಯಲ್ಲಿ ಕೋಳಿ ಇದೆ. 'ಅನ್‌ಸ್ಟೆಡಿ' ಎನ್ನುವುದಕ್ಕೆ ಒಂದೇ ಪದ ಹುಡುಕುವುದೇ ತಪ್ಪು ಅಂತ ನನಗೆ ಅನಿಸುತ್ತದೆ. ಮರಿ ನಿಲ್ಲದಿರಲು ಐದಾರು ಕಾರಣ ಇರುತ್ತದೆ. ಒಂದೊಂದರಲ್ಲೂ ಬೀಳುವ ರೀತಿ ಬೇರೆ. ಕರಪತ್ರ ಓದುವ ಹೆಂಗಸರು ಆ ರೀತಿ ನೋಡಿಯೇ ಸೀಕು ಯಾವುದೆಂದು ಗುರುತಿಸಬೇಕು.

ಎರಡು ಕಾಲೂ ಆಚೆ ಈಚೆ ಅಗಲಿ, ಎದೆ ನೆಲಕ್ಕೆ ತಾಗಿದ್ದರೆ ಅದು ಜಾರುವ ನೆಲದಿಂದ ಆದದ್ದು. ಹಳೆ ಪೇಪರ್ ಹಾಸಿದ ಪೆಟ್ಟಿಗೆಯಲ್ಲಿ ಇದು ಸಾಮಾನ್ಯ. ನಾವು 'ಕಾಲು ಅಗಲಿದ್ದು' ಅನ್ನುತ್ತೇವೆ. ಪೇಪರ್ ತೆಗೆದು ಗೋಣಿಯನ್ನೋ ಭತ್ತದ ಉಮಿಯನ್ನೋ ಹಾಕಬೇಕು. ಮರಿ ಸಹಜವಾಗಿ ನಿಂತಾಗ ಕಾಲುಗಳ ನಡುವೆ ಎಷ್ಟು ಅಂತರ ಇರುತ್ತದೋ ಅಷ್ಟೇ ಬಿಟ್ಟು, ಮೆತ್ತಗಿನ ಬ್ಯಾಂಡೇಜ್ ಪಟ್ಟಿಯಿಂದ ಎರಡು ಕಾಲನ್ನೂ ಸೇರಿಸಿ ಕಟ್ಟಬೇಕು. ಬಿಗಿ ಆಗಬಾರದು. ಮೊದಲ ವಾರದೊಳಗೆ ಕಟ್ಟಿದರೆ ಎರಡು ಮೂರು ದಿನದಲ್ಲಿ ಹೆಚ್ಚಿನವು ಸರಿಯಾಗುತ್ತವೆ. ತಡವಾದರೆ ಕಾಲು ಹಾಗೇ ಗಟ್ಟಿಯಾಗುತ್ತದೆ.

ಬೆರಳು ಮುಷ್ಟಿ ಹಿಡಿದ ಹಾಗೆ ಒಳಕ್ಕೆ ಮಡಚಿ, ಮರಿ ಹಿಮ್ಮಡಿ ಮೇಲೆ ನಡೆದರೆ ಬಿ2 ಜೀವಸತ್ವ ಕಡಿಮೆ. ಬೇಗ ಕೊಟ್ಟರೆ ಗುಣ ಇದೆ. ತಲೆ ಹಿಂದಕ್ಕೆ ಬಾಗಿ ಆಕಾಶ ನೋಡಿದರೆ ಬಿ1 ಕಡೆ ಯೋಚಿಸಿ. ಬರೀ ನುಚ್ಚು, ಅನ್ನ ಹಾಕಿ ಬೆಳೆಸುವ ಮನೆಗಳಲ್ಲಿ ಜೀವಸತ್ವದ ಕೊರತೆ ಸುಲಭವಾಗಿ ಬರುತ್ತದೆ. ಮರಿಗೆ ಮರಿಯ ಆಹಾರವನ್ನೇ ಕೊಡಬೇಕು.

ರೆಕ್ಕೆ ಇಳಿಬಿಟ್ಟು ತೂಕಡಿಸಿ, ಹಿಕ್ಕೆಯಲ್ಲಿ ರಕ್ತ ಇದ್ದರೆ ಕಾಕ್ಸಿಡಿಯೋಸಿಸ್ ಎನ್ನುವ ಕರುಳಿನ ರೋಗ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಉಮಿ ಒದ್ದೆಯಾದರೆ ಇದು ಜಾಸ್ತಿ. ಹೆಚ್ಚಾಗಿ ಮೂರು ವಾರ ದಾಟಿದ ಮರಿಗೆ ಬರುತ್ತದೆ. ಕುತ್ತಿಗೆ ತಿರುಚಿ, ಹಸಿರು ಭೇದಿ ಆಗಿ, ಒಂದರ ಹಿಂದೆ ಒಂದು ಸಾಯತೊಡಗಿದರೆ ರಾಣಿಖೇತ್ ರೋಗ. ಅದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದರೆ ಮರೆಕ್ ರೋಗ. ಅದು ಇಷ್ಟು ಚಿಕ್ಕ ಮರಿಗೆ ಬರುವುದಲ್ಲ, ಬೆಳೆದ ಮೇಲೆ. ಅದರ ಲಸಿಕೆ ಹುಟ್ಟಿದ ದಿನವೇ ಆಗಬೇಕು.

ಇನ್ನೊಂದು, ಶಾಖ. ಮೊದಲ ವಾರ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಕಡಿಮೆ ಮಾಡಿ. ಬಲ್ಬಿನ ಅಡಿಗೆ ಒಂದರ ಮೇಲೊಂದು ಬಿದ್ದರೆ ಚಳಿ. ದೂರ ಓಡಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಚಳಿ ಹಿಡಿದ ಮರಿಯೂ ನಿಲ್ಲುವುದಿಲ್ಲ. ಆಗ ಮೊದಲು ಶಾಖ, ಆಮೇಲೆ ಉಗುರುಬೆಚ್ಚಗಿನ ಬೆಲ್ಲದ ನೀರಿಗೆ ಕೊಕ್ಕು ತಾಗಿಸಿ. ಬಾಯಿಗೆ ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಕದ್ರಿಯಿಂದ:

ಮಾಹಿತಿ ಚೆನ್ನಾಗಿದೆ. ಆದರೆ 'ಸೀಕು' ಇಂಗ್ಲಿಷಿನ ಸಿಕ್. 'ಬೇನೆ' ಇರುವಾಗ ಅದು ಬೇಡ. ರಾಣಿಖೇತ್ ಬದಲು 'ಕೊಕ್ಕರೆ ರೋಗ' ಎನ್ನುವ ಪದವೇ ಇದೆ. ಮರೆಕ್‌ಗೆ 'ಕಾಲ್ಚಾಚು ಬೇನೆ' ಮಾಡಬಹುದು.

ಮೂಲ್ಕಿಯಿಂದ:

ನಮ್ಮ ಅಜ್ಜಿಗೆ ಇಂಗ್ಲಿಷಿನ ಒಂದಕ್ಷರ ಗೊತ್ತಿರಲಿಲ್ಲ. ಕೋಳಿಗೆ ಸೀಕು, ದನಕ್ಕೆ ಸೀಕು ಎಂದೇ ಹೇಳುತ್ತಿದ್ದರು. ತುಳುವಿನಲ್ಲೂ ಅದೇ. ಎಲ್ಲಿಂದ ಬಂದರೂ ಅದು ನಮ್ಮ ಕೊಟ್ಟಿಗೆಯಲ್ಲಿ ಕೂತಾಗಿದೆ. ಈಗ ಎಬ್ಬಿಸಿ ಕಳಿಸುವುದು ಯಾಕೆ?

ರಾಣಿಖೇತ್ ಉತ್ತರಾಖಂಡದ ಒಂದು ಊರು. ಮರೆಕ್ ಹಂಗೇರಿಯ ಪಶುವೈದ್ಯ, ಆ ರೋಗವನ್ನು 1907ರಲ್ಲಿ ವಿವರಿಸಿದವರು. ಊರಿನ ಹೆಸರು, ಮನುಷ್ಯರ ಹೆಸರು ಕನ್ನಡ ಮಾಡುವುದು ಅಂದರೆ ಏನು? 'ಕಾಲ್ಚಾಚು ಬೇನೆಗೆ ಲಸಿಕೆ ಕೊಡಿ' ಎಂದು ಮದ್ದಿನಂಗಡಿಯಲ್ಲಿ ಕೇಳಿದರೆ ಏನೂ ಸಿಗುವುದಿಲ್ಲ. ಮರಿ ಸಾಯುತ್ತದೆ.

ಮತ್ತೆ, ಇದು ಅಂಕದ, ಅಂದರೆ ಕಾಳಗದ, ಕೋಳಿಯ ಬಣ್ಣ ನೋಡಿ ಬೊಳ್ಳೆ, ಕೆಮ್ಮೈರೆ ಎಂದು ಬೇರೆಬೇರೆ ಹೆಸರಿಟ್ಟ ನಾಡು. ಇಲ್ಲಿ ಕೋಳಿಯ ಪದಕ್ಕೆ ಬರ ಇಲ್ಲ. ನಮ್ಮ ತುಳುವಿನ ಪೂಂಜ, ನಿಮ್ಮ ಕನ್ನಡದ ಹುಂಜ ಒಂದೇ ಪದ. ಪಿಲಿ ಹುಲಿಯಾದ ಹಾಗೆ ನಿಮ್ಮಲ್ಲಿ ಪಕಾರ ಹಕಾರ ಆಯಿತು, ನಮ್ಮಲ್ಲಿ ಉಳಿಯಿತು. ಶುದ್ಧ ಕನ್ನಡ ಬೇಕಾದವರು ಮೊದಲು ತುಳುವಿನ ಮನೆಗಳಲ್ಲಿ ಕೇಳಲಿ, ಆಮೇಲೆ ಹೊಸದು ಕಟ್ಟಲಿ.

ಕದ್ರಿಯಿಂದ:

ಕಟ್ಟದಿದ್ದರೆ ಭಾಷೆ ಬೆಳೆಯುವುದಿಲ್ಲ. ನೀವು ಹೇಳುವಂತೆ ನಡೆದರೆ ನಾಳೆ ಕಾಲಿಗೂ ಲೆಗ್ ಎಂದೇ ಅಚ್ಚಾಗುತ್ತದೆ. ಆಮೇಲೆ ಅದೂ ಕೊಟ್ಟಿಗೆಯಲ್ಲಿ ಕೂತಾಯಿತು ಎನ್ನುತ್ತೀರಿ.

ಕಾರ್ಕಳದಿಂದ:

'ಕೊಕ್ಕರೆ ರೋಗ' ಜನ ಬಳಸುವ ಪದವೇ. ನಾವೂ ಇಲಾಖೆಯಲ್ಲಿ ಬಳಸಿದ್ದೇವೆ. ಆದರೆ ಲಸಿಕೆಯ ಸೀಸೆಯ ಮೇಲೆ ಅದು ಇರುವುದಿಲ್ಲ. ಎರಡೂ ಹೆಸರು ಒಟ್ಟಿಗೆ ಹಾಕಿ. 'ಲಸೋಟ' ಎನ್ನುವ ಲಸಿಕೆಯ ಹೆಸರನ್ನೂ ಸೇರಿಸಿ, ಅಂಗಡಿಯಲ್ಲಿ ಕೇಳಲು ಅನುಕೂಲ. ಅಕ್ಕಾ, ಪೆಟ್ಟಿಗೆಯಲ್ಲಿ ಏನು ಹಾಸಿದ್ದೀರಿ ಎಂದು ಕೇಳಿದ್ದೆ, ಉತ್ತರ ಬಂದಿಲ್ಲ.

ಬ್ರಹ್ಮಾವರದಿಂದ:

ಪೇಪರ್ ಹಾಸಿದ್ದೆ. ನಿಮ್ಮ ಬರಹ ಓದಿದ ಕೂಡಲೇ ಎದ್ದು ಹೋಗಿ ನೋಡಿದೆ. ನೀವು ಬರೆದ ಹಾಗೆಯೇ, ಕಾಲು ಎರಡೂ ಆಚೆ ಈಚೆ. ನಿನ್ನೆ ಸಂಜೆಯವರೆಗೂ ಯಾವುದೋ ಸೀಕು ಬಂತೆಂದು ಹೆದರಿ, ಆ ಮೂರನ್ನು ಬೇರೆ ಬುಟ್ಟಿಯಲ್ಲಿಟ್ಟಿದ್ದೆ. ಅಲ್ಲೂ ಅಡಿಗೆ ಪೇಪರೇ. ಈಗ ಗೋಣಿ ಹಾಸಿದ್ದೇನೆ. ಮನೆಯವರು ಮರಿ ಹಿಡಿದುಕೊಂಡರು, ನಾನು ಪಟ್ಟಿ ಕಟ್ಟಿದೆ. ಒಂದು ಮರಿಗೆ ಮೊದಲ ಸಲ ಬಿಗಿಯಾಗಿತ್ತು, ಬಿಚ್ಚಿ ಮತ್ತೆ ಕಟ್ಟಿದೆ.

ತಲೆಬರಹ 'ಮರಿ ಜೋಲಿ ಹೊಡೆದರೆ' ಎಂದು ಇಟ್ಟಿದ್ದೇನೆ. ಅದರ ಕೆಳಗೆ ಕಾರ್ಕಳದವರು ಹೇಳಿದ ಕ್ರಮದಲ್ಲಿ ಕಾಲು ಅಗಲಿದರೆ, ಬೆರಳು ಮಡಚಿದರೆ, ತಲೆ ಹಿಂದಕ್ಕೆ ಬಾಗಿದರೆ, ತೂಕಡಿಸಿದರೆ, ಕುತ್ತಿಗೆ ತಿರುಚಿದರೆ ಎಂದು ಬೇರೆ ಬೇರೆ ಹಾಕಿದ್ದೇನೆ. ಅತ್ತೆಗೆ ಓದಿದೆ. ಪ್ರತಿ ಸಾಲಿಗೂ, ಹಿಂದೆ ಯಾವ ಕೋಳಿಗೆ ಹಾಗಾಗಿತ್ತು ಎಂದು ಅವರೇ ಹೇಳುತ್ತಾ ಹೋದರು. ಕದ್ರಿಯವರೇ, 'ಬೇನೆ' ಎರಡು ಕಡೆ ಹಾಕಿದ್ದೇನೆ, ಅಲ್ಲಿ ಚೆನ್ನಾಗಿ ಹೊಂದಿತು. 'ಸೀಕು' ಕೂಡ ಉಳಿಸಿದ್ದೇನೆ.

ಬ್ರಹ್ಮಾವರದಿಂದ, ಎರಡು ದಿನ ಬಿಟ್ಟು:

ಕರಪತ್ರ ಬಂತು, 200 ಪ್ರತಿ. ಮರಿಗಳಲ್ಲಿ ಎರಡು ನಿಂತು ಓಡಾಡುತ್ತಿವೆ, ಪಟ್ಟಿ ಬಿಚ್ಚಿದ್ದೇನೆ. ಮೂರನೆಯದು ನಿಲ್ಲುತ್ತದೆ, ನಾಲ್ಕು ಹೆಜ್ಜೆ ಇಟ್ಟು ಜೋಲಿ ಹೊಡೆಯುತ್ತದೆ. ಅದರ ಪಟ್ಟಿ ಇನ್ನೂ ಒಂದು ದಿನ ಇರಲಿ ಅಂತ ಬಿಟ್ಟಿದ್ದೇನೆ.