ಸಂಘದ ವೆಬ್‌ಸೈಟಿಗೆ ಸ್ವಂತ ಸರ್ವರ್ ಬೇಕಾ?

ಡೊಂಬಿವಲಿ: ನಮ್ಮ ಕನ್ನಡ ಸಂಘಕ್ಕೆ ವೆಬ್‌ಸೈಟ್ ಮಾಡಿಸಬೇಕು. ಕಾರ್ಯಕ್ರಮದ ಮಾಹಿತಿ, ಹಳೇ ನಾಟಕಗಳ ಫೋಟೊ, ಸದಸ್ಯರ ಲೇಖನ, ಇಷ್ಟೇ. ಕೈಗೆ ಬಂದ ಕೊಟೇಶನ್‌ನಲ್ಲಿ ಡೊಮೇನ್, ಹೋಸ್ಟಿಂಗ್, ಎಸ್‌ಎಸ್‌ಎಲ್, ಡೆಡಿಕೇಟೆಡ್ ಸರ್ವರ್ ಅಂತ ನಾಲ್ಕು ಸಾಲು ಇವೆ. ಯಾವುದು ಬೇಕು, ಯಾವುದು ಬೇಡ? ಮಾಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಪಿಂಪ್ರಿ, ಪುಣೆ: ಕೊನೆಯ ಸಾಲು ಹೊಡೆದುಹಾಕಿ ಸಾರ್. ಸರ್ವರ್ ಅಂದ್ರೆ ಹಗಲೂ ರಾತ್ರಿ ನೆಟ್‌ಗೆ ಜೋಡಿಸಿಟ್ಟ ಕಂಪ್ಯೂಟರ್. ಅದರಲ್ಲಿ ಬಾಡಿಗೆಗೆ ಜಾಗ ಹಿಡಿಯುವುದೇ ಹೋಸ್ಟಿಂಗ್. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಯಂತ್ರದ ಮೇಲೆ ನೂರಾರು ಸೈಟ್ ಇರುತ್ತವೆ; ಪಕ್ಕದ ಸೈಟಿಗೆ ಜನ ನುಗ್ಗಿದರೆ ನಿಮ್ಮದು ಸ್ವಲ್ಪ ನಿಧಾನ ಆಗಬಹುದು. ಸಂಘಕ್ಕೆ ಅದು ಧಾರಾಳ ಸಾಕು. ಡೆಡಿಕೇಟೆಡ್ ಅಂದ್ರೆ ಇಡೀ ಯಂತ್ರ ನಿಮಗೊಬ್ಬರಿಗೇ. ರಾಜ್ಯೋತ್ಸವದ ಫೋಟೊ ನೋಡೋಕೆ ಅದ್ಯಾಕೆ? ಎಸ್‌ಎಸ್‌ಎಲ್ ಅಂದ್ರೆ ಸೈಟಿಗೂ ನೋಡುವವರಿಗೂ ನಡುವೆ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಪ್ರಮಾಣಪತ್ರ; ಅದಕ್ಕೂ ಸುಮ್ನೆ ದುಡ್ಡು ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯವರು ಪುಕ್ಕಟೆ ಕೊಡುತ್ತಾರೆ, ಒಳ್ಳೆಯ ಹೋಸ್ಟ್ ಆದರೆ ಅದನ್ನು ತಾನೇ ನವೀಕರಿಸುತ್ತಿರುತ್ತದೆ.

ವಾಸ್ಕೊ, ಗೋವಾ: ಮಾರಾಯ್ರೆ, ಮೊದಲು ಡೊಮೇನ್, ಅಂದ್ರೆ ಸೈಟಿನ ಹೆಸರು, ಯಾರ ಹೆಸರಲ್ಲಿದೆ ನೋಡಿ. ನಮ್ಮ ಯಕ್ಷಗಾನ ತಂಡದ್ದು ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿತ್ತು. ಅವನು ಗಲ್ಫ್‌ಗೆ ಹೋದ. ರಿನ್ಯೂವಲ್ ನೆನಪೋಲೆ ಎಲ್ಲ ಅವನಿಗೇ ಹೋಗಿ, ಹೆಸರೇ ಕೈತಪ್ಪಿತು. ಹೋಸ್ಟಿಂಗ್ ಹೋದರೆ ಬೇರೆ ಕಡೆ ಹಿಡಿಯಬಹುದು. ಹೆಸರು ಬೇರೆಯವರ ಪಾಲಾದರೆ ಏನು ಮಾಡ್ತೀರಿ? ಆದ್ದರಿಂದ ಸಂಘದ ಇಮೇಲ್, ಸಂಘದ ಫೋನ್ ನಂಬರ್ ಕೊಟ್ಟೇ ಕೊಳ್ಳಿ. ಹೋಸ್ಟಿಂಗ್ ಕೊಟ್ಟವರ ಹತ್ತಿರವೇ ಹೆಸರೂ ಕೊಳ್ಳಬೇಕು ಅಂತೇನಿಲ್ಲ. ಹೋಸ್ಟ್ ಬದಲಾದರೆ ಡಿಎನ್‌ಎಸ್‌ನಲ್ಲಿ, ಅಂದ್ರೆ ಯಾವ ಹೆಸರಿನ ಸೈಟ್ ಯಾವ ಸರ್ವರಿನಲ್ಲಿದೆ ಅಂತ ತೋರಿಸುವ ಪಟ್ಟಿಯಲ್ಲಿ, ಹೊಸ ವಿಳಾಸ ಬರೆದರಾಯಿತು. ಎಲ್ಲರಿಗೂ ಹೊಸದು ಕಾಣೋಕೆ ಕೆಲವು ಗಂಟೆ, ಅಪರೂಪಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಅಲ್ಲಿವರೆಗೆ ಹಳೇ ಹೋಸ್ಟಿಂಗ್ ನಿಲ್ಲಿಸಬೇಡಿ.

ಡೊಂಬಿವಲಿ: ಸರ್ವರ್ ಮುಂಬೈಯಲ್ಲೇ ಇರಬೇಕು, ಅಮೆರಿಕದ್ದು ಬೇಡ ಅಂತ ಕಮಿಟಿಯಲ್ಲೊಬ್ಬರು ಹಠ ಹಿಡಿದಿದ್ದಾರೆ.

ಪಿಂಪ್ರಿ, ಪುಣೆ: ಹತ್ತಿರ ಇದ್ದರೆ ಒಳ್ಳೇದೇ. ಅಮೆಜಾನ್‌ನ ಸರ್ವರ್ ಕೇಂದ್ರ 2016ರಿಂದ ಮುಂಬೈಯಲ್ಲೇ ಇದೆ, ಮೈಕ್ರೋಸಾಫ್ಟ್‌ನದು ಪುಣೆಯಲ್ಲಿ 2015ರಿಂದ. ಮಾಹಿತಿ ಅಮೆರಿಕಕ್ಕೆ ಒಂದು ಸಲ ಹೋಗಿ ಬರೋಕೆ ಸುಮಾರು 200 ಮಿಲಿಸೆಕೆಂಡ್. ಆದರೆ ಐದೈದು ಎಂಬಿಯ ಫೋಟೊ ಹಾಗೇ ಹಾಕಿದರೆ ಸರ್ವರ್ ಅಂಧೇರಿಯಲ್ಲಿದ್ದರೂ ಸೈಟ್ ತೆವಳುತ್ತದೆ. ಮೊದಲು ಫೋಟೊ ಕುಗ್ಗಿಸಿ.

ಮುಲುಂಡ್: ಕನ್ನಡ ಲೇಖನ ಇವೆ ಅಂದ್ರಲ್ಲ, ಅದಕ್ಕೆ ಇದು. ನಮ್ಮ ಪತ್ರಿಕೆಯ ಹಳೇ ಸೈಟನ್ನು ಹೊಸ ಹೋಸ್ಟಿಗೆ ಸಾಗಿಸಿದವರು ಕೆಲಸ ಮುಗೀತು ಅಂದರು. ತೆರೆದು ನೋಡಿದರೆ ಫೋಟೊ ಎಲ್ಲ ಸರಿ, ಲೇಖನ ಇದ್ದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಲೇಖನಗಳನ್ನು ಇಡುವ ಡೇಟಾಬೇಸಿನ ಅಕ್ಷರ ಸಂಕೇತ ಹಳೇ ಲ್ಯಾಟಿನ್‌ನದು, ಅಂದ್ರೆ ಇಂಗ್ಲಿಷಿನಂಥ ಲಿಪಿಯದು, ಅದರೊಳಗೆ ಕನ್ನಡಕ್ಕೆ ಜಾಗವೇ ಇಲ್ಲ. ಅಕ್ಷರದ ಬದಲು ವಿಚಿತ್ರ ಲ್ಯಾಟಿನ್ ಗುರುತು ಕಂಡಿದ್ದರೆ ಸಾಮಾನ್ಯವಾಗಿ ಸರಿಪಡಿಸಬಹುದು, ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಉಳಿದುಕೊಂಡರೆ ಮೂಲ ಅಳಿಸಿಹೋದ ಹಾಗೆ. ಹಳೇ ಬ್ಯಾಕಪ್ ಇದ್ದುದರಿಂದ ಬಚಾವಾದೆವು. ಡೇಟಾಬೇಸ್ ಕನ್ನಡವೂ ಹಿಡಿಸುವ ಯುಟಿಎಫ್8ಎಂಬಿ4 ಅನ್ನೋ ಅಕ್ಷರ ಸಂಕೇತದಲ್ಲೇ ಇರಲಿ ಅಂತ ಕೊಟೇಶನ್‌ನಲ್ಲೇ ಬರೆಸಿ. ದುಡ್ಡು ಕೊಡುವ ಮೊದಲು ಒತ್ತಕ್ಷರ ಇರೋ ಒಂದು ಪುಟ ಹಾಕಿಸಿ, ಫೋನಿನಲ್ಲಿ ತೆರೆದು ನೋಡಿ.

ವಾಸ್ಕೊ, ಗೋವಾ: ಇನ್ನೊಂದು. ಮೊದಲ ವರ್ಷದ ರೇಟ್ ನೋಡಿ ಖುಷಿಪಡಬೇಡಿ, ಎರಡನೇ ವರ್ಷಕ್ಕೆ ಎಷ್ಟು ಅಂತ ಕೇಳಿ. ಜಾಹೀರಾತಿನ ರೇಟಿಗೆ ಜಿಎಸ್‌ಟಿಯೂ ಸೇರುತ್ತದೆ. ತಿಂಗಳಿಗೊಂದು ಬ್ಯಾಕಪ್ ಇಳಿಸಿ ಖಜಾಂಚಿಯ ಲ್ಯಾಪ್‌ಟಾಪಿನಲ್ಲೂ ಇಡಿ.